ಹೆಂಗಸರಿಗೆ ಓಟು ಸಿಕ್ಕಿದ್ದು 1950ರಲ್ಲೋ, ಅದಕ್ಕೂ ಮುಂಚೆಯೋ? ಮನೆಯಲ್ಲಿ ಜಗಳ ನಡೆಯುತ್ತಿದೆ

ಸೌತೆಕಾಯಿ_ಹುಳಿ

ಒಂದು ಸಣ್ಣ ವಿಷಯಕ್ಕೆ ಎರಡು ದಿನದಿಂದ ವಾದ ನಡೆಯುತ್ತಿದೆ, ತಿಳಿದವರು ದಯವಿಟ್ಟು ಬಗೆಹರಿಸಿ. ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಭಾಷಣ ಸ್ಪರ್ಧೆ, ವಿಷಯ ಮಹಿಳೆಯರ ಮತದಾನದ ಹಕ್ಕು. "ನಮ್ಮ ದೇಶದಲ್ಲಿ ಹೆಂಗಸರಿಗೆ ಓಟು ಯಾವಾಗ ಬಂತಮ್ಮಾ" ಅಂತ ಕೇಳಿದಳು. ಒಗ್ಗರಣೆ ಹಾಕುತ್ತಿದ್ದ ನಾನು ಹಿಂದೆ ಮುಂದೆ ನೋಡದೆ "1950, ಸಂವಿಧಾನ ಬಂದಾಗ" ಅಂದೆ. ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದ ನನ್ನ ಅಮ್ಮ ತಲೆ ಎತ್ತಿ "ಸುಳ್ಳು, ನನ್ನ ಅಜ್ಜಿ ಬ್ರಿಟಿಷರ ಕಾಲದಲ್ಲೇ ಓಟು ಹಾಕಿದ್ದಾಳೆ" ಅಂದುಬಿಟ್ಟರು! ಅಮ್ಮನ ತವರು ಮಂಗಳೂರು. ಸರಿ ಅಂತ ಕಲಬುರಗಿಯಲ್ಲಿರುವ ಅತ್ತೆಗೆ ಫೋನ್ ಮಾಡಿದರೆ, "ನಮ್ಮ ಕಡೆ ಆಗ ಗಂಡಸರಿಗೇ ಓಟು ಇರಲಿಲ್ಲವಂತೆ, ಹೆಂಗಸರಿಗೆ ಎಲ್ಲಿಂದ ಬರಬೇಕು" ಅಂತ ನಕ್ಕರು.

ಇಂಟರ್ನೆಟ್ಟಲ್ಲಿ ನೋಡಿದರೆ ಒಂದು ಕಡೆ 1921, ಇನ್ನೊಂದು ಕಡೆ 1935, ಮತ್ತೊಂದು ಕಡೆ 1950. ಮಗಳಿಗೆ ಯಾವುದನ್ನು ಬರೆಸಲಿ?

ಇನ್ನೊಂದು ವಿಷಯ. "ಅಮೆರಿಕ, ಇಂಗ್ಲೆಂಡಿನಲ್ಲಿ ಹೆಂಗಸರು ಓಟಿಗಾಗಿ ಜೈಲಿಗೆ ಹೋದರು, ನಮ್ಮಲ್ಲಿ ಕೇಳದೇ ಸಿಕ್ಕಿತು" ಅಂತ ಟೀಚರ್ ಹೇಳಿದ್ದಾರಂತೆ. ಅದು ನಿಜವಾ? ಸೋಮವಾರ ಭಾಷಣ ಇದೆ.

ಹಳೇ_ಕಡತ

ಅಕ್ಕ, ತಮಾಷೆಗೆ ಹೇಳುತ್ತಿಲ್ಲ, ನಿಮ್ಮ ಮನೆಯಲ್ಲಿ ಮೂರು ಜನ ಹೇಳಿದ್ದೂ ಸರಿ.

1956ಕ್ಕೆ ಮುಂಚೆ ಕರ್ನಾಟಕ ಒಂದೇ ಆಡಳಿತದಲ್ಲಿ ಇರಲಿಲ್ಲ ಅಲ್ವಾ. ಮಂಗಳೂರು, ಉಡುಪಿ, ಬಳ್ಳಾರಿ ಕಡೆಯೆಲ್ಲ ಮದ್ರಾಸ್ ಪ್ರಾಂತ್ಯ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಬೊಂಬಾಯಿ. ಕಲಬುರಗಿ, ರಾಯಚೂರು, ಬೀದರ್ ನಿಜಾಮರದ್ದು. ನಡುವೆ ಮೈಸೂರು ಸಂಸ್ಥಾನ. ಕೊಡಗಿನದೇ ಬೇರೆ ಲೆಕ್ಕ. ಹಾಗಾಗಿ ಓಟು ಯಾವಾಗ ಬಂತು ಅನ್ನುವುದು ನಿಮ್ಮ ಅಜ್ಜಿ ಯಾವ ಹೊಳೆಯ ಯಾವ ದಡದಲ್ಲಿ ಇದ್ದರು ಅನ್ನುವುದರ ಮೇಲೆ ನಿಂತಿತ್ತು.

ಭಾರತದ ಆಡಳಿತ ಸುಧಾರಣೆಗೆ ಅಂತ 1919ರ ಕಾಯ್ದೆ ಮಾಡುವಾಗ ಬ್ರಿಟಿಷ್ ಪಾರ್ಲಿಮೆಂಟು ನಮ್ಮ ಹೆಂಗಸರಿಗೆ ಓಟು ಕೊಡಲೂ ಇಲ್ಲ, ಕೊಡಬಾರದು ಅನ್ನಲೂ ಇಲ್ಲ. ಆಯಾ ಪ್ರಾಂತ್ಯದ ಶಾಸನಸಭೆಯೇ ತೀರ್ಮಾನ ಮಾಡಿಕೊಳ್ಳಲಿ ಅಂತ ಜಾರಿಕೊಂಡಿತು. ಆ ಸಭೆಗಳಲ್ಲಿ ಇದ್ದವರೆಲ್ಲ ಗಂಡಸರೇ. ಆದರೂ ಮದ್ರಾಸ್ 1921ರಲ್ಲಿ ಒಪ್ಪಿತು. ಅದೇ ವರ್ಷ ಬೊಂಬಾಯಿಯೂ ಒಪ್ಪಿತು. ಬಂಗಾಳ 1925ರವರೆಗೆ ಎಳೆಯಿತು, ಬಿಹಾರ-ಒರಿಸ್ಸಾ 1929. ಸಂಸ್ಥಾನಗಳಲ್ಲಿ ತಿರುವಾಂಕೂರು 1920ರಲ್ಲೇ ಮುಂದೆ ಹೋಗಿತ್ತು. ನಮ್ಮ ಮೈಸೂರಿನಲ್ಲೂ 1923ರ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆಯ ಬಾಗಿಲು ಹೆಂಗಸರಿಗೆ ತೆರೆಯಿತು. ನಿಮ್ಮ ಅತ್ತೆಯ ಊರಿನ ಕಥೆ ಮಾತ್ರ ಬೇರೆ. ಅಲ್ಲಿ ಊರಿನ ಎಲ್ಲ ದೊಡ್ಡವರೂ, ಗಂಡಸರೂ ಹೆಂಗಸರೂ, ಸಾಲಲ್ಲಿ ನಿಂತು ಓಟು ಹಾಕಿದ್ದು ಅಂದರೆ 1951-52ರ ಚುನಾವಣೆಯಲ್ಲೇ.

ಆದರೆ 1921 ಅಂದ ತಕ್ಷಣ ಎಲ್ಲ ಹೆಂಗಸರೂ ಅಂದುಕೊಳ್ಳಬೇಡಿ. ಆಗ ಓಟು ಅಂದರೆ ಆಸ್ತಿಯ ವಿಷಯ. ಇಷ್ಟು ಕಂದಾಯ ಕಟ್ಟಬೇಕು, ಇಷ್ಟು ಮನೆ ತೆರಿಗೆ ಕಟ್ಟಬೇಕು, ಆಗ ಮಾತ್ರ ಹೆಸರು ಪಟ್ಟಿಗೆ. ಗಂಡಸರಿಗೂ ಅದೇ ನಿಯಮ. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಹೊರಗಿಡುವುದನ್ನು ತೆಗೆದರು, ಅಷ್ಟೇ. ಹೆಂಗಸಿನ ಹೆಸರಲ್ಲಿ ಜಮೀನಿನ ಪಟ್ಟಾ ಎಷ್ಟು ಮನೆಗಳಲ್ಲಿ ಇರುತ್ತಿತ್ತು ಹೇಳಿ? ಈಗಲೇ ಎಷ್ಟಿದೆ?

ನಿಮ್ಮ ಅಮ್ಮನ ಕಡೆಯವರು ಅಳಿಯಕಟ್ಟಿನವರಾ, ಅಂದರೆ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವವರಾ? ಹಾಗಿದ್ದರೆ ಕೇಳಿ ನೋಡಿ, ಪಟ್ಟಾ ಅಜ್ಜಿಯ ಹೆಸರಲ್ಲೇ ಇದ್ದಿರಲೂಬಹುದು.

1935ರ ಕಾಯ್ದೆ ಬಂದಾಗ ಸ್ವಲ್ಪ ಸಡಿಲ ಆಯಿತು. ಓದು ಬರಹ ಬಂದರೆ ಓಟು. ಗಂಡನಿಗೆ ಆಸ್ತಿಯ ಅರ್ಹತೆ ಇದ್ದರೆ ಹೆಂಡತಿಗೂ ಓಟು. ಇಷ್ಟಾದರೂ ಬ್ರಿಟಿಷ್ ಇಂಡಿಯಾದಲ್ಲೆಲ್ಲ ಸೇರಿ ಓಟಿದ್ದ ಹೆಂಗಸರು ಸುಮಾರು 60 ಲಕ್ಷ, ಗಂಡಸರು ಹತ್ತಿರ ಹತ್ತಿರ 3 ಕೋಟಿ.

ಭಾಷಣಕ್ಕೆ 1950 ಅಂತಲೇ ಬರೆಸಿ, ತಪ್ಪಿಲ್ಲ. ಆಸ್ತಿ ಕೇಳದೆ, ಓದು ಕೇಳದೆ, ಗಂಡ ಯಾರು ಅಂತ ಕೇಳದೆ, 21 ವರ್ಷ ತುಂಬಿದ ಎಲ್ಲರಿಗೂ ಓಟು ಅಂದಿದ್ದು ಸಂವಿಧಾನದ 326ನೇ ವಿಧಿ. ಅದರ ಹಿಂದಿನ 325 ಜಾತಿ, ಧರ್ಮ, ಲಿಂಗ ನೋಡಿ ಯಾರನ್ನೂ ಪಟ್ಟಿಯಿಂದ ಬಿಡುವಂತಿಲ್ಲ ಅನ್ನುತ್ತದೆ. 18 ವರ್ಷಕ್ಕೆ ಇಳಿದಿದ್ದು 1989ರಲ್ಲಿ.

ನಾನೇ_ರಾಜ

ಇಷ್ಟುದ್ದ ಯಾಕೆ ಸಾರ್. ಅಂಬೇಡ್ಕರ್ ಬರೆದರು, ಸಿಕ್ಕಿತು. ಟೀಚರ್ ಹೇಳಿದ್ದು ಸರಿಯಾಗೇ ಇದೆ. ನಮ್ಮಲ್ಲಿ ಹೆಂಗಸರು ಓಟು ಕೊಡಿ ಅಂತ ಬೀದಿಗೆ ಬಂದ ಉದಾಹರಣೆ ಇದ್ದರೆ ತೋರಿಸಿ.

ಗಿರಮಿಟ್_ಮಿರ್ಚಿ

ತೋರಸ್ತೀನಿ ತಗೋರಿ.

1917ರ ಡಿಸೆಂಬರ್, ಮದ್ರಾಸ್. ಭಾರತಕ್ಕೆ ಎಂಥ ಸುಧಾರಣೆ ಕೊಡಬೇಕು ಅಂತ ವಿಚಾರಿಸಲು ಮಾಂಟೆಗು ಅನ್ನುವ ಬ್ರಿಟಿಷ್ ಮಂತ್ರಿ ಬಂದಿದ್ದ, ಜೊತೆಗೆ ವೈಸ್‌ರಾಯ್ ಚೆಲ್ಮ್ಸ್‌ಫರ್ಡ್. ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ಒಂದು ನಿಯೋಗ ಹೋಗಿ ಅವರನ್ನು ಕಂಡಿತು. ಅದನ್ನು ಹೊಂದಿಸಿದವರು ಮಾರ್ಗರೆಟ್ ಕಸಿನ್ಸ್, ಐರ್ಲೆಂಡಿನವರು. ಅಲ್ಲಿ ಓಟಿನ ಹೋರಾಟದಲ್ಲಿ ಜೈಲು ಕಂಡು ಬಂದಿದ್ದ ಹೆಂಗಸು. (ಜನ ಗಣ ಮನದ ರಾಗವನ್ನು ಮದನಪಲ್ಲಿಯಲ್ಲಿ ಸ್ವರ ಹಾಕಿ ಬರೆದಿಟ್ಟವರೂ ಅವರೇ. ಇದು ಸುಮ್ನೆ, ವಿಷಯಕ್ಕೆ ಸಂಬಂಧ ಇಲ್ಲ.)

ಇದರಲ್ಲಿ ಒಂದು ಮಜಾ ಇದೆ. ಅವರು ಮೊದಲು ಭೇಟಿ ಕೇಳಿದ್ದು ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತಾಡಲಿಕ್ಕೆ. ರಾಜಕೀಯ ವಿಷಯ ಇದ್ದರೆ ಮಾತ್ರ ಭೇಟಿ ಅಂತ ಉತ್ತರ ಬಂತು. ಹಾಗಾದರೆ ರಾಜಕೀಯವೇ ಆಗಲಿ ಅಂತ ಓಟನ್ನೇ ಅರ್ಜಿಗೆ ಸೇರಿಸಿದರು. ಸ್ವರಾಜ್ಯದ ಮಾತಲ್ಲಿ ‘ಜನ’ ಅಂದರೆ ಅದರಲ್ಲಿ ಹೆಂಗಸರೂ ಲೆಕ್ಕಕ್ಕೆ ಬರಬೇಕು ಅನ್ನುವುದು ಆ ಅರ್ಜಿಯ ತಿರುಳು.

ನಂತರ ನಮ್ಮ ಕಡೆ ನೋಡ್ರಿ. 1918ರ ಮೇ ತಿಂಗಳು ವಿಜಾಪುರದಲ್ಲಿ ಬೊಂಬಾಯಿ ಪ್ರಾಂತೀಯ ಸಮ್ಮೇಳನ. ಸರೋಜಿನಿ ನಾಯ್ಡು ಅಲ್ಲಿ ಹೆಂಗಸರಿಗೆ ಓಟು ಬೇಕು ಅಂತ ಮಾತಾಡಿದರು. ಮೇ ತಿಂಗಳ ವಿಜಾಪುರ ಗೊತ್ತಲ್ಲ, ಕೂತಲ್ಲೇ ಹುರಿದು ಹೋಗಬೇಕು. ಅಂಥ ಬಿಸಿಲಿನಲ್ಲಿ ಕನ್ನಡದ ನೆಲದ ಮೇಲೆ ಈ ಮಾತು ಆಗಿದೆ, ನಮ್ಮ ಪಾಠದ ಪುಸ್ತಕದಲ್ಲಿ ನನಗಂತೂ ಒಂದು ಸಾಲೂ ಕಾಣಲಿಲ್ಲ.

ಇಷ್ಟಾದ ಮೇಲೆ ಸೌತ್‌ಬರೋ ಸಮಿತಿ ಬಂತು. ಯಾರಿಗೆ ಓಟು ಕೊಡಬೇಕು ಅಂತ ನೋಡಿದ ಸಮಿತಿ. ನಿಮ್ಮ ಸಮಾಜ ಇನ್ನೂ ತಯಾರಿಲ್ಲ, ಹೆಂಗಸರು ಪರದೆಯಲ್ಲಿದ್ದಾರೆ, ಈಗಲೇ ಬೇಡ ಅಂತ ವರದಿ ಬರೆಯಿತು. ಹೆಂಗಸರು ಸುಮ್ಮನಾಗಲಿಲ್ಲ. ಬೊಂಬಾಯಿಯಿಂದ ಹೇರಾಬಾಯಿ ಟಾಟಾ ತಮ್ಮ ಮಗಳು ಮಿಥನ್ ಜೊತೆ 1919ರಲ್ಲಿ ಹಡಗು ಹತ್ತಿ ಲಂಡನ್ನಿಗೇ ಹೋಗಿ ಪಾರ್ಲಿಮೆಂಟಿನವರ ಮುಂದೆ ಸಾಕ್ಷಿ ಹೇಳಿದರು. ತಾಯಿ ಮಗಳು ಅಷ್ಟು ದೂರ ಹೋಗಿದ್ದು ಕೇಳದೇ ಸಿಕ್ಕಿದ್ದಕ್ಕಾ?

ರಾಜ ಅವರೇ, ಅಂಬೇಡ್ಕರ್ ಹೆಸರು ತೆಗೆದಿದ್ದು ಸರಿ, ಅವರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಮನವಿಯಲ್ಲೇ ಗಂಡು ಹೆಣ್ಣು ಎಲ್ಲ ವಯಸ್ಕರಿಗೂ ಓಟು ಬೇಕು ಅಂದಿದ್ದರು. ಆದರೆ ಅವರನ್ನು ಎದುರಿಟ್ಟು ಉಳಿದವರ ಮೂವತ್ತು ವರ್ಷದ ಕೆಲಸ ಅಳಿಸಬ್ಯಾಡ್ರಿ.

ನಾನೇ_ರಾಜ

ಸರಿ ಸರಿ, ಒಪ್ಪಿದೆ. ವಿಜಾಪುರದ್ದು ಗೊತ್ತಿರಲಿಲ್ಲ. ಆದರೂ ಇಂಗ್ಲೆಂಡಿನ ಥರ ಬೀದಿ ಜಗಳ ಆಗಿಲ್ಲ ಅನ್ನೋದು ನಿಜ ತಾನೇ?

ಕುಡ್ಲದ_ಮೀನು

ಬೀದಿ ಜಗಳ ಆಗಲಿಲ್ಲ, ತಮ್ಮೊಳಗೇ ಜಗಳ ಆಯಿತು, ಅದೂ ನಮ್ಮ ಮಂಗಳೂರಿನ ಇಬ್ಬರು ಹೆಂಗಸರು ಎರಡು ಕಡೆ ನಿಂತು. ಇದು ಯಾರೂ ಹೇಳುವುದಿಲ್ಲ ಅಂತ ನನಗೆ ಹೊಟ್ಟೆಉರಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಒಬ್ಬರು ಕಮಲಾದೇವಿ ಚಟ್ಟೋಪಾಧ್ಯಾಯ. ಹುಟ್ಟಿದ್ದು 1903ರಲ್ಲಿ, ಮಂಗಳೂರಲ್ಲೇ. ಎಲ್ಲರಿಗೂ ಕರಕುಶಲದ ಕಮಲಾದೇವಿ ಅಂತಲೇ ಗೊತ್ತು. 1921ರಲ್ಲಿ ಮದ್ರಾಸಿನಲ್ಲಿ ಓಟು ಹಾಕುವ ಹಕ್ಕೇನೋ ಬಂತು, ಚುನಾವಣೆಗೆ ನಿಲ್ಲುವ ಹಕ್ಕು ಇರಲಿಲ್ಲ. ಅದು ಬಂದಿದ್ದು 1926ರಲ್ಲಿ. ಬಂದ ಕೂಡಲೇ ಮದ್ರಾಸ್ ಶಾಸನಸಭೆಗೆ ಇವರು ನಿಂತೇಬಿಟ್ಟರು! 23 ವರ್ಷ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಮಾರ್ಗರೆಟ್ ಕಸಿನ್ಸ್ ಜೊತೆಗಿದ್ದರು. ಸೋತರು, ಆದರೆ ತೀರಾ ಕಡಿಮೆ ಅಂತರದಲ್ಲಿ. ಓಟು ಹಾಕಿದವರಲ್ಲಿ ಹೆಚ್ಚಿನವರು ಆಸ್ತಿವಂತ ಗಂಡಸರು ಅನ್ನುವುದನ್ನು ಮರೆಯಬೇಡಿ.

ಇನ್ನೊಬ್ಬರು ರಾಧಾಬಾಯಿ ಸುಬ್ಬರಾಯನ್. ದಲಿತರಿಗೆ ಶಾಲೆ ತೆಗೆದ ಕುದ್ಮುಲ್ ರಂಗರಾಯರ ಮಗಳು. 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಹೆಂಗಸರಲ್ಲಿ ಒಬ್ಬರು, ಇನ್ನೊಬ್ಬರು ಬೇಗಂ ಶಾನವಾಜ್. ರಾಧಾಬಾಯಿ ಅವರದ್ದು ಲೆಕ್ಕಾಚಾರದ ದಾರಿ. ಎಲ್ಲರಿಗೂ ಓಟು ಅಂದರೆ ಬ್ರಿಟಿಷರು ಈಗ ಕೊಡುವುದಿಲ್ಲ, ಹಾಗಾಗಿ ಆಸ್ತಿ ಇರುವವನ ಹೆಂಡತಿಗೆ, ವಿಧವೆಗೆ ಓಟು ಕೊಡಿ, ಕೆಲವು ಸೀಟು ಮೀಸಲಿಡಿ, ಸಿಕ್ಕಿದಷ್ಟು ತೆಗೆದುಕೊಳ್ಳೋಣ ಅಂತ. ಕಮಲಾದೇವಿ, ಸರೋಜಿನಿ ನಾಯ್ಡು, ಮಹಿಳಾ ಸಂಘಗಳ ಕಡೆಯವರಿಗೆ ಇದು ಹಿಡಿಸಲಿಲ್ಲ. ಗಂಡನ ದೆಸೆಯಿಂದ ಬರುವ ಓಟು ಯಾರಿಗೆ ಬೇಕು, ಕೊಡುವುದಾದರೆ ಎಲ್ಲ ವಯಸ್ಕರಿಗೂ ಕೊಡಿ, ಮೀಸಲು ಬೇಡ ಅಂದರು. 1931ರ ಕರಾಚಿ ಕಾಂಗ್ರೆಸ್ಸಿನಲ್ಲೂ ಎಲ್ಲ ವಯಸ್ಕರಿಗೂ ಓಟು ಅನ್ನುವ ನಿರ್ಣಯ ಆಯಿತು.

1935ರಲ್ಲಿ ಗೆದ್ದಿದ್ದು ರಾಧಾಬಾಯಿಯವರ ದಾರಿ. 1950ರಲ್ಲಿ ಕಮಲಾದೇವಿಯವರದ್ದು. ನನ್ನ ಮನಸ್ಸು ಕಮಲಾದೇವಿ ಕಡೆಗೇ. ಆದರೆ ಒಂದು ಮಾತು, ಸೌತೆಕಾಯಿ ಹುಳಿ ಮೇಡಂ, ನಿಮ್ಮ ಮುತ್ತಜ್ಜಿ ಬ್ರಿಟಿಷರ ಕಾಲದಲ್ಲಿ ಓಟು ಹಾಕಿದ್ದು 1937ರ ಚುನಾವಣೆಯಲ್ಲಿ ಆಗಿದ್ದರೆ, ಅದರಲ್ಲಿ ರಾಧಾಬಾಯಿಯವರ ಪಾಲೂ ಇದೆ.

ಡಲ್ಲಾಸ್_ಅವಲಕ್ಕಿ

ಅಮೆರಿಕದ ಮಾತು ಬಂತಲ್ಲ, ಇಲ್ಲಿಂದ ನನ್ನದೂ ಸ್ವಲ್ಪ. ಇಲ್ಲಿ ಹೆಂಗಸರು ಓಟು ಬೇಕು ಅಂತ ಸಭೆ ಸೇರಿ ಕೇಳಿದ್ದು 1848, ಸಂವಿಧಾನದ 19ನೇ ತಿದ್ದುಪಡಿ ಬಂದಿದ್ದು 1920. ನಡುವೆ 72 ವರ್ಷ. 36 ರಾಜ್ಯ ಒಪ್ಪಬೇಕಿತ್ತು, 36ನೆಯದು ಟೆನೆಸೀ. ಅಲ್ಲಿ ಹ್ಯಾರಿ ಬರ್ನ್ ಅಂತ 24 ವರ್ಷದ ಶಾಸಕ, ಕೋಟಿಗೆ ಕೆಂಪು ಗುಲಾಬಿ ಸಿಕ್ಕಿಸಿಕೊಂಡಿದ್ದ. ಕೆಂಪು ಗುಲಾಬಿ ಅಂದರೆ ಬೇಡ ಅನ್ನುವವರ ಗುರುತು. ಜೇಬಲ್ಲಿ ಅಮ್ಮನ ಕಾಗದ ಇತ್ತು, ಒಳ್ಳೆ ಹುಡುಗನಾಗಿ ಓಟು ಕೊಡಿಸು ಅಂತ. ಅವನ ಸರದಿ ಬಂದಾಗ ಬೇಕು ಅಂದುಬಿಟ್ಟ. ಅಲ್ಲಿಗೆ ಪಾಸಾಯಿತು.

ಆದರೆ ದಕ್ಷಿಣದ ಕಪ್ಪು ಹೆಂಗಸರಿಗೆ ಇದು ಕಾಗದದ ಮೇಲಿನ ಹಕ್ಕಾಗೇ ಉಳಿಯಿತು. ಓಟಿಗೆ ತೆರಿಗೆ, ಓದು ಬರಹದ ಪರೀಕ್ಷೆ, ಬೆದರಿಕೆ. ಅದನ್ನು ಮುರಿಯಲು 1965ರ ಕಾನೂನು ಬೇಕಾಯಿತು. ನಮ್ಮಲ್ಲಿ ಓದು ಬಾರದ ಹಳ್ಳಿಯ ಹೆಂಗಸು 1952ರಲ್ಲೇ ಓಟು ಹಾಕಿ ಬಂದಿದ್ದಳು. ಸ್ವಿಟ್ಜರ್ಲೆಂಡಿನಲ್ಲಿ ದೇಶದ ಚುನಾವಣೆಗೆ ಹೆಂಗಸರಿಗೆ ಓಟು ಸಿಕ್ಕಿದ್ದೇ 1971. ಮಗಳ ಭಾಷಣಕ್ಕೆ ಇದನ್ನು ಸೇರಿಸಿ, ಚಪ್ಪಾಳೆ ಗ್ಯಾರಂಟಿ.

ಹಳೇ_ಕಡತ

ಚಪ್ಪಾಳೆ ಹೊಡೆಯುವ ಮುಂಚೆ ಇನ್ನೊಂದು ಕೇಳಿ. ನಾನು ಚುನಾವಣೆ ಡ್ಯೂಟಿ ಮಾಡಿ ಮಾಡಿ ರಿಟೈರ್ ಆದವನು, ಮತದಾರರ ಪಟ್ಟಿ ಅಂದರೆ ನನಗೆ ಆ ಕಾಗದದ ವಾಸನೆಯೇ ಬರುತ್ತದೆ.

ಹಕ್ಕು 1950ರಲ್ಲಿ ಬಂತು, ಸರಿ. ಆದರೆ ಓಟು ಹಾಕಲು ಪಟ್ಟಿಯಲ್ಲಿ ಹೆಸರಿರಬೇಕಲ್ಲ. ಸಂವಿಧಾನ ಇನ್ನೂ ಚರ್ಚೆಯಲ್ಲಿದ್ದಾಗಲೇ ಮನೆ ಮನೆಗೆ ಹೋಗಿ ಪಟ್ಟಿ ಬರೆಯುವ ಕೆಲಸ ಶುರುವಾಗಿತ್ತು. ಬರೆಯುವವನು ಬಾಗಿಲಲ್ಲಿ ನಿಂತು ಕೇಳುತ್ತಾನೆ, ನಿಮ್ಮ ಹೆಸರೇನಮ್ಮಾ? ಒಳಗಿಂದ ಉತ್ತರ, ಇಂಥವರ ಹೆಂಡತಿ. ಇಲ್ಲವೇ ಇಂಥವರ ತಾಯಿ. ಪರಗಂಡಸಿಗೆ ತನ್ನ ಹೆಸರು ಹೇಳುವುದಾ ಅನ್ನುವ ಸಂಕೋಚ. ಅವನೂ ಹಾಗೆಯೇ ಬರೆದುಕೊಂಡು ಹೋದ. ಉತ್ತರ ಭಾರತದಲ್ಲಿ ಇದು ಲಕ್ಷಗಟ್ಟಲೆ ಆಯಿತು. ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯಪ್ರದೇಶದ ಕಡೆ ಜಾಸ್ತಿ.

ಮೊದಲ ಮುಖ್ಯ ಚುನಾವಣಾ ಆಯುಕ್ತರು ಸುಕುಮಾರ್ ಸೇನ್. ಅವರು ಇದನ್ನು ಒಪ್ಪಲಿಲ್ಲ. ಸ್ವಂತ ಹೆಸರು ಕೊಟ್ಟರೆ ಪಟ್ಟಿಯಲ್ಲಿ ಇರಿ, ಇಲ್ಲದಿದ್ದರೆ ಇಲ್ಲ ಅಂದರು. ತಿದ್ದಿಸಲು ಸಮಯ ಕೊಟ್ಟರು, ಅಲ್ಲಿನ ಅಧಿಕಾರಿಗಳು ಮತ್ತೆ ಮನೆ ಮನೆ ತಿರುಗಿದರು. ಕೊನೆಗೂ ಸುಮಾರು 28 ಲಕ್ಷ ಹೆಂಗಸರ ಹೆಸರು, ಹೆಸರಲ್ಲ ಬಿಡಿ, ನಮೂದು, ಪಟ್ಟಿಯಿಂದ ಬಿದ್ದುಹೋಯಿತು. ಆಗ ದೇಶದ ಹೆಂಗಸು ಮತದಾರರು ಸುಮಾರು 8 ಕೋಟಿ.

ಸೇನ್ ಮಾಡಿದ್ದು ಸರಿಯೋ ತಪ್ಪೋ ಅಂತ ನಾನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. 28 ಲಕ್ಷ ಜನ ಓಟು ಕಳೆದುಕೊಂಡರು, ಅದು ಸಣ್ಣ ಸಂಖ್ಯೆ ಅಲ್ಲ. ಆದರೆ ಅವತ್ತು ಇಂಥವರ ಹೆಂಡತಿ ಅಂತಲೇ ಬಿಟ್ಟಿದ್ದರೆ ಮುಂದಿನ ಪಟ್ಟಿಯಲ್ಲೂ ಅದೇ ಇರುತ್ತಿತ್ತು, ಅದರ ಮುಂದಿನದರಲ್ಲೂ. ಯಾರು ಬಂದು ಓಟು ಹಾಕಿದರು ಅಂತ ಬೂತಿನಲ್ಲಿ ಹಿಡಿಯುವುದಾದರೂ ಹೇಗೆ? ಮುಂದಿನ ಚುನಾವಣೆ ಹೊತ್ತಿಗೆ ಹೆಚ್ಚಿನವರು ಹೆಸರು ಹೇಳುವುದು ಕಲಿತರು.

ನಮ್ಮ ಕಡೆ ತೊಂದರೆ ಉಲ್ಟಾ ಅಲ್ವಾ, ಗಂಡನ ಹೆಸರು ಹೇಳುವುದಿಲ್ಲ. ನಾನು ಡ್ಯೂಟಿಗೆ ಹೋದಾಗಲೂ ಗಂಡನ ಹೆಸರು ಕೇಳಿದರೆ ಪಕ್ಕದ ಮನೆಯವಳ ಮುಖ ನೋಡುತ್ತಿದ್ದರು, ಅವಳು ಹೇಳುತ್ತಿದ್ದಳು.

ಗಿರಮಿಟ್_ಮಿರ್ಚಿ

ನಮ್ಮ ಅವ್ವ ಹಂಗೇ! ಒಡಪು (ಗಂಡನ ಹೆಸರು ಸೇರಿಸಿ ಹೇಳೋ ಪದ್ಯ) ಹಾಕದೆ ಅಪ್ಪನ ಹೆಸರು ಬಾಯಿಂದ ಬರೋದಿಲ್ಲ. ರೇಷನ್ ಆಫೀಸಿನ ಕೌಂಟರಿನಲ್ಲಿ ನಿಂತು ಒಡಪು ಹಾಕಿದ್ದಾಳ್ರೀ, ಹಿಂದಿನ ಸಾಲಿನವರೆಲ್ಲ ನಕ್ಕಿದ್ದೇ ನಕ್ಕಿದ್ದು.

ಮೈಸೂರ್_ಮಲ್ಲಿಗೆ_52

ಮೊದಲ ಚುನಾವಣೆಯದು ನಮ್ಮತ್ತೆ ಹೇಳುತ್ತಿದ್ದರು, ಅದನ್ನೂ ಬರೆದುಬಿಡುತ್ತೇನೆ. ಆಗ ಈಗಿನ ಹಾಗೆ ಯಂತ್ರ ಇರಲಿಲ್ಲ, ಆಮೇಲೆ ಬಂದ ಹಾಗೆ ಒಂದೇ ಚೀಟಿಯಲ್ಲಿ ಗುರುತು ಒತ್ತುವುದೂ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ ಅಂಟಿಸಿರುತ್ತಿದ್ದರು. ಜೋಡೆತ್ತು, ಗುಡಿಸಲು, ಆಲದ ಮರ. ಚೀಟಿ ಒಂದು ರೂಪಾಯಿ ನೋಟಿನಷ್ಟು. ಏನೂ ಬರೆಯುವ ಹಾಗಿಲ್ಲ, ಬೇಕಾದ ಪೆಟ್ಟಿಗೆಯ ಬಾಯಿಗೆ ಹಾಕಿ ಬರುವುದು. ಓದು ಬಾರದವರಿಗೆ ಇದಕ್ಕಿಂತ ಸುಲಭ ಇಲ್ಲ.

ಹೆಂಗಸರಿಗೇ ಅಂತ ಬೇರೆ ಮತಗಟ್ಟೆ ಕೂಡ ಇತ್ತು, ದೇಶದಲ್ಲೆಲ್ಲ ಸೇರಿ 27 ಸಾವಿರಕ್ಕೂ ಜಾಸ್ತಿ. ನಮ್ಮತ್ತೆ ರೇಷ್ಮೆ ಸೀರೆ ಉಟ್ಟು ಹೋಗಿದ್ದರಂತೆ, ಮದುವೆಗೆ ಹೋದ ಹಾಗೆ. ಯಾವ ಪೆಟ್ಟಿಗೆಗೆ ಹಾಕಬೇಕು ಅಂತ ಮಾವ ಮನೆಯಲ್ಲೇ ಹೇಳಿ ಕಳಿಸಿದ್ದರು. ಒಳಗೆ ಹೋಗಿ ಪರದೆ ಹಿಂದೆ ನಿಂತ ಮೇಲೆ, ಇಲ್ಲಿ ಇವರು ಕಾಣುವುದಿಲ್ಲವಲ್ಲ ಅಂತ ಅನಿಸಿತಂತೆ. ಯಾವುದಕ್ಕೆ ಹಾಕಿದಿರಿ ಅಂತ ಕೇಳಿದರೆ ಸಾಯುವವರೆಗೂ ಹೇಳಲಿಲ್ಲ, ನಗುತ್ತಿದ್ದರು ಅಷ್ಟೇ.

ನಾನೇ_ರಾಜ

ಈ ಕೊನೆಯದು ಸೂಪರ್ 😄 ಅಂದಹಾಗೆ 2019ರ ಲೋಕಸಭೆ ಚುನಾವಣೆಯಲ್ಲಿ ಹೆಂಗಸರ ಮತದಾನದ ಪ್ರಮಾಣ ಗಂಡಸರಿಗಿಂತ ಒಂದು ಕೂದಲಷ್ಟು ಹೆಚ್ಚೇ ಇತ್ತು. 1962ರಲ್ಲಿ ಹದಿನೇಳು ಪರ್ಸೆಂಟ್ ಹಿಂದೆ ಇದ್ದರು. ಇದನ್ನೂ ಹಾಕಿಸಿ.

ಸೌತೆಕಾಯಿ_ಹುಳಿ

ಎಲ್ಲರಿಗೂ ದೊಡ್ಡ ನಮಸ್ಕಾರ. ಇಷ್ಟೆಲ್ಲ ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ಮೂರು ನಿಮಿಷದ ಭಾಷಣಕ್ಕೆ ಈಗ ಮೂವತ್ತು ನಿಮಿಷದ ಸಾಮಾನು ಆಗಿದೆ. ಟೆನೆಸೀ ಹುಡುಗನನ್ನು ಬಿಡಿಸಿದೆ, ಮಗಳಿಗೆ ಬೇಜಾರು. ಮಾಂಟೆಗು ಭೇಟಿ, ಕಮಲಾದೇವಿ, ಆ 28 ಲಕ್ಷ, ಇಷ್ಟು ಉಳಿಸಿಕೊಂಡಿದ್ದಾಳೆ. ವರ್ಷದ ವಿಷಯದಲ್ಲಿ 1921, 1935, 1950 ಮೂರನ್ನೂ ಹೇಳುತ್ತಾಳಂತೆ, ಯಾರು ಕೇಳಿದರೂ ಉತ್ತರ ಇದೆ ಅಂತ.

ಹಳೇ ಕಡತ ಸಾರ್, ನಾವು ಅಳಿಯಕಟ್ಟಿನವರಲ್ಲ, ಮನೆಮಾತು ಕೊಂಕಣಿ. ಸೋದರಮಾವನಿಗೆ ಫೋನ್ ಮಾಡಿ ಕೇಳಿದೆವು. ಅಜ್ಜಿಯ ಹೆಸರಲ್ಲಿ ಆಸ್ತಿ ಗೀಸ್ತಿ ಏನೂ ಇರಲಿಲ್ಲವಂತೆ, ಆದರೆ ಶಾಲೆಗೆ ಹೋಗಿದ್ದರು, ಪೇಪರ್ ಓದುತ್ತಿದ್ದರು. ಓಟು ಹಾಕಿದ್ದು 1937ರಲ್ಲೇ ಇರಬೇಕು ಅಂದರು. ಓದಿದ್ದಕ್ಕೆ ಸಿಕ್ಕಿತೋ, ತಾತ ಅಂಗಡಿಯ ತೆರಿಗೆ ಕಟ್ಟುತ್ತಿದ್ದುದಕ್ಕೆ ಸಿಕ್ಕಿತೋ ಅವರಿಗೂ ಗೊತ್ತಿಲ್ಲ.

ಭಾಷಣದಲ್ಲಿ ಮುತ್ತಜ್ಜಿಯ ಹೆಸರು ಹೇಳಲೇಬೇಕು ಅಂತ ಮಗಳು ಹಟ ಹಿಡಿದಳು. ಈಗ ಅದೇ ಹೊಸ ಜಗಳ. ಅಮ್ಮ ಹೇಳುತ್ತಾರೆ ರುಕ್ಮಿಣಿ. ಮಾವ ಹೇಳುತ್ತಾರೆ ಇಲ್ಲ, ಅದು ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು, ತವರಿನಲ್ಲಿ ಬೇರೆ ಇತ್ತು, ಅದೇನೋ ನೆನಪಿಗೆ ಬರುತ್ತಿಲ್ಲ ಅಂತ. ಮನೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದುದು ‘ಮಾಯಿ’ ಅಂತ. ಅಮ್ಮ ಬೆಳಗ್ಗೆಯಿಂದ ಟ್ರಂಕು ತೆಗೆದು ಹಳೇ ಲಗ್ನಪತ್ರಿಕೆ ಹುಡುಕುತ್ತಾ ಕೂತಿದ್ದಾರೆ, ಅಡುಗೆಗೆ ಇನ್ನೂ ಇಟ್ಟಿಲ್ಲ.